ಶಾಲೆ ತೆರೆಯುವ ಮುನ್ನ ತಾಯಂದಿರೊಡನೆ ನಾಲ್ಕು ಮಾತು

ರೋಹಿಣಿಯ ಹನಿ ಬಿದ್ದು ಎರೆಯ ಹೊಲ ಹದಗೊಳ್ಳುವ ಹೊತ್ತಿಗೆ ನಮ್ಮ ನಾಡಿನಲ್ಲಿ ಎರಡು ಬಿತ್ತನೆಗಳಿಗೆ ಸಿದ್ಧತೆ ತೊಡಗುತ್ತದೆ. ಒಂದು ಹೊಲದ ಬಿತ್ತನೆ, ಇನ್ನೊಂದು ಶಾಲೆಯ ಬಿತ್ತನೆ. ಒಕ್ಕಲುಮಗನು ಬೀಜವನ್ನು ಮೊರಕ್ಕೆ ಹಾಕಿ ಜೊಳ್ಳನ್ನು ಬೇರ್ಪಡಿಸುತ್ತಾನೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಾನೆ. ತನ್ನ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆ ಬೇಗ ಒಣಗುತ್ತದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಮಗುವನ್ನು ಶಾಲೆಗೆ ಕಳಿಸುವ ನಾವು, ಹೊಸ ಪಾಟಿಚೀಲ, ಹೊಸ ಅಂಗಿ ಕೊಂಡುಕೊಟ್ಟರೆ ನಮ್ಮ ಸಿದ್ಧತೆ ತೀರಿತೆಂದು ಭಾವಿಸುತ್ತೇವೆ. ಹೊಲವನ್ನು ಒಕ್ಕಲುಮಗನು ಅರಿತಷ್ಟು ನಮ್ಮ ಮಗುವನ್ನು ನಾವು ಅರಿತಿದ್ದೇವೆಯೇ? ಈ ಪ್ರಶ್ನೆಯನ್ನು ಪ್ರತಿ ತಾಯಿಯೂ ಜೂನ್ ತಿಂಗಳಿಗೆ ಮುನ್ನ ಒಮ್ಮೆ ತನಗೆ ತಾನೇ ಕೇಳಿಕೊಳ್ಳುವುದು ಒಳಿತು.

ನಾನು ೧೯೭೪ರಲ್ಲಿ ಅಂದಿನ ಅಖಂಡ ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿ, ೨೦೧೧ರಲ್ಲಿ ನಿವೃತ್ತಳಾದೆ. ಮೂವತ್ತೇಳು ಜೂನ್ ತಿಂಗಳುಗಳನ್ನು ಶಾಲೆಯ ಹೊಸ್ತಿಲಲ್ಲಿ ನಿಂತು ಕಂಡವಳು. ಮೂರು ಮಕ್ಕಳ ತಾಯಿ; ಈಗ ಅಜ್ಜಿ. ಇಷ್ಟು ಹೇಳಿದೊಡನೆ, ಎಲ್ಲವನ್ನೂ ಬಲ್ಲವಳೊಬ್ಬಳು ಉಪದೇಶಕ್ಕೆ ನಿಂತಳೆಂದು ಸಹೋದರಿಯರು ತಿಳಿಯಬಾರದು. ನಾನು ಸರಿಯಾಗಿ ಮಾಡಿದೆನೆಂದಲ್ಲ, ತಪ್ಪಿದೆನೆಂದೇ ಈ ಲೇಖನವನ್ನು ಬರೆಯಲು ಕುಳಿತಿದ್ದೇನೆ. ಆ ತಪ್ಪಿನ ಕಥೆಯನ್ನು ಮೊದಲು ಹೇಳಿಬಿಟ್ಟರೆ, ಮುಂದಿನ ಮಾತುಗಳಿಗೆ ಅಷ್ಟಾದರೂ ತೂಕ ಬಂದೀತು.

೧೯೮೭ನೆಯ ಇಸವಿಯ ಜೂನ್. ನನ್ನ ಎರಡನೆಯ ಮಗಳು ನಾಲ್ಕನೆಯ ಇಯತ್ತೆಗೆ, ಎಂದರೆ ನನ್ನದೇ ತರಗತಿಗೆ ಬಂದಳು. ಶಿಕ್ಷಕಿಯ ಮಗಳೆಂದು ಮುಂದೆ ಕೂಡಿಸಿಕೊಂಡಳೆಂಬ ಮಾತು ಬರಬಾರದೆಂದು ಮೊದಲ ದಿನವೇ ಅವಳನ್ನು ಕೊನೆಯ ಸಾಲಿನಲ್ಲಿ ಕೂಡಿಸಿದೆ. ಅದನ್ನು ನಾನು ನ್ಯಾಯವೆಂದೇ ಬಗೆದಿದ್ದೆ. ಮಗಳು ಮಗ್ಗಿಯನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದಳು. ಬಾಯಿಲೆಕ್ಕವನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು. ಆದರೆ ಹಲಗೆಯ ಮೇಲೆ ಬರೆದುದನ್ನು ಪಾಟಿಯಲ್ಲಿ ಇಳಿಸಿಕೊಳ್ಳೆಂದರೆ ಮಾತ್ರ ಸಾಲಿಗೆ ಮೂರು ತಪ್ಪು. ಎಂಟು ಇದ್ದಲ್ಲಿ ಮೂರು, ‘ವ’ ಇದ್ದಲ್ಲಿ ‘ಪ’. ಮೂರನೆಯ ಇಯತ್ತೆಯಲ್ಲಿ ಅವಳಿಗೆ ಕಲಿಸಿದ ಗುರುಗಳೂ ಇದೇ ದೂರನ್ನು ಹೇಳಿದ್ದರು. ಬಾಯಿಯಲ್ಲಿ ಬರುವುದು ಕೈಯಲ್ಲಿ ಬಾರದೆಂದರೆ ಅದು ಉದಾಸೀನವಲ್ಲದೆ ಮತ್ತೇನು ಎಂದು ನಾನು ತೀರ್ಮಾನಿಸಿಬಿಟ್ಟೆ. ಮನೆಯಲ್ಲಿ ಬೈದೆ. ಒಂದು ದಿನ, ಪರರ ಮಕ್ಕಳಿಗೊಂದು ತನ್ನ ಮಗಳಿಗೊಂದು ಎನಿಸಿಕೊಳ್ಳಬಾರದೆಂದು, ನಲವತ್ತು ಮಕ್ಕಳ ಮುಂದೆ ಅವಳ ಅಂಗೈಗೆ ರೂಲುಕಟ್ಟಿಗೆಯಿಂದ ನಾಲ್ಕು ಏಟು ಹೊಡೆದೆ. ಅವಳು ಅಳಲಿಲ್ಲ. ಕೈಯನ್ನು ಲಂಗಕ್ಕೆ ಒರಸಿಕೊಂಡು ಕೊನೆಯ ಸಾಲಿಗೆ ಹೋಗಿ ಕುಳಿತಳು.

ಅದೇ ವರ್ಷ ಚಳಿಗಾಲದಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುವವರು ಶಾಲೆಗೆ ಬಂದರು. ಗೋಡೆಗೆ ಅಕ್ಷರಗಳ ತಕ್ತೆಯನ್ನು ತೂಗುಹಾಕಿ, ಇಪ್ಪತ್ತು ಅಡಿ ದೂರದಲ್ಲಿ ಗೆರೆ ಎಳೆದು, ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸುತ್ತಿದ್ದರು. ನನ್ನ ಮಗಳ ಸರದಿ ಬಂದಾಗ ಅವಳು ನಾಲ್ಕು ಸಾಲುಗಳನ್ನು ಪಟಪಟನೆ ಹೇಳಿಬಿಟ್ಟಳು. ಪರೀಕ್ಷಿಸುತ್ತಿದ್ದವರು ಅನುಭವಸ್ಥರು. ಸುಮ್ಮನೆ ತಕ್ತೆಯನ್ನು ಬದಲಿಸಿ, ‘ಈಗ ಹೇಳಮ್ಮಾ’ ಎಂದರು. ಮಗಳು ಸುಮ್ಮನಾದಳು. ಅವಳಿಗೆ ಎಲ್ಲಕ್ಕಿಂತ ದೊಡ್ಡದಾದ ಮೇಲಿನ ಒಂದಕ್ಷರವನ್ನು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಮುಂದೆ ನಿಂತಿದ್ದ ಹುಡುಗಿಯರು ಹೇಳಿದ್ದನ್ನು ಕೇಳಿ ಕಂಠಪಾಠ ಮಾಡಿ ಒಪ್ಪಿಸಿದ್ದಳು. ಆ ಕ್ಷಣದಲ್ಲಿ ನನಗೆ ಎರಡು ವರ್ಷಗಳ ಸಂಗತಿಯೆಲ್ಲ ಹೊಳೆಯಿತು. ಅವಳು ಕಿವಿಯಿಂದಲೇ ಕಲಿಯುತ್ತ ಬಂದಿದ್ದಳು. ಕಿವಿಗೆ ಬಿದ್ದುದೆಲ್ಲ ಸರಿಯಾಗಿತ್ತು, ಕಣ್ಣಿನಿಂದ ಕಾಣಬೇಕಾದುದೆಲ್ಲ ತಪ್ಪಾಗಿತ್ತು. ಇಷ್ಟು ಸ್ಪಷ್ಟವಾದ ಸಾಕ್ಷ್ಯವು ಪ್ರತಿದಿನ ಕಣ್ಣ ಮುಂದೆ ಬರುತ್ತಿದ್ದರೂ, ಮಕ್ಕಳಿಗೆ ಕಲಿಸುವುದೇ ಕಾಯಕವಾಗಿದ್ದ ನನಗೆ ಅದನ್ನು ಓದಲಾಗಲಿಲ್ಲ. ಹಾಗಾದರೆ ಕುರುಡು ಯಾರದು?

ಹುಬ್ಬಳ್ಳಿಯಲ್ಲಿ ಚಾಳೀಸು ಮಾಡಿಸಿಕೊಂಡು ಬಸ್ಸಿನಲ್ಲಿ ಮರಳುತ್ತಿದ್ದಾಗ ಮಗಳು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದಳು. ದಾರಿಯಲ್ಲಿನ ಅಂಗಡಿಗಳ ಹಲಗೆಗಳನ್ನೆಲ್ಲ ಒಂದೂ ಬಿಡದೆ ಮೆಲ್ಲಗೆ ಓದುತ್ತ ಬಂದಳು. ಊರು ದಾಟಿದ ಮೇಲೆ ನನ್ನತ್ತ ತಿರುಗಿ, ‘ಎಲ್ಲಾರಿಗೂ ಮೊದಲಿಂದಽ ಹಿಂಗ ಕಾಣ್ತಿತ್ತೇನವ್ವಾ?’ ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡುವ ಬಾಯಿ ನನಗಿರಲಿಲ್ಲ. ತನಗೆ ಕಡಿಮೆ ಕಾಣುತ್ತದೆಂಬುದೇ ಮಗುವಿಗೆ ತಿಳಿದಿರುವುದಿಲ್ಲ; ಲೋಕವೇ ಹೀಗೆ ಮಸುಕಾಗಿದೆಯೆಂದು ಅದು ನಂಬಿರುತ್ತದೆ. ಹೀಗಿರುವಾಗ ಅದು ತಾನಾಗಿ ಬಂದು ಹೇಳಲೆಂದು ಕಾಯುವುದು ಹಿರಿಯರ ಅವಿವೇಕ.

ಅದೇ ತರಗತಿಯ ಮುಂದಿನ ಸಾಲಿನಲ್ಲಿ ಇನ್ನೊಬ್ಬ ಹುಡುಗಿ ಕುಳಿತಿದ್ದಳು. ಅವಳ ತಾಯಿ ಕೂಲಿ ಮಾಡುವ ಹೆಣ್ಣುಮಗಳು, ಹೆಬ್ಬೆಟ್ಟಿನವಳು. ಶಾಲೆ ತೆರೆದ ಮೊದಲ ದಿನವೇ, ಕಳೆ ತೆಗೆಯಲು ಹೊರಟವಳು ಕುರ್ಚಿಗೆಯನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡು ಶಾಲೆಯ ಕಟ್ಟೆಯ ಬಳಿ ನಿಂತು, ‘ಅಕ್ಕೋರ, ನನ್ನ ಮಗಳಿಗೆ ಬಲಗಿವಿ ಮಂದ ಐತ್ರಿ. ಸಣ್ಣಾಕಿದ್ದಾಗ ಸೋರ್ತಿತ್ತು. ಆಕಿನ್ನ ಮುಂದ, ಎಡಗಿವಿ ನಿಮ್ಮ ಕಡೆ ಆಗೂಹಂಗ ಕುಂದ್ರಸ್ರಿ’ ಎಂದು ಹೇಳಿ ಹೋಗಿದ್ದಳು. ನಾನು ಹಾಗೆಯೇ ಕೂಡಿಸಿದೆ. ಆ ಹುಡುಗಿಯ ವಿದ್ಯೆಗೆ ಯಾವ ಕುಂದೂ ಬರಲಿಲ್ಲ. ‘ಮಂದಗಿವಿ ನಿನಗೆ ಹೇಗೆ ತಿಳಿಯಿತು ತಾಯಿ?’ ಎಂದು ಒಮ್ಮೆ ಕೇಳಿದೆ. ಅವಳೆಂದಳು: ‘ದಿನಾ ಸಂಜಿಕ ದೀಪ ಹಚ್ಚಿ ನಾ ಜ್ವಾಳ ಹಸನ ಮಾಡ್ತೀನ್ರಿ. ಆಕಿ ಬಾಜೂಕ ಕುಂತು ಸಾಲ್ಯಾಗ ಹೇಳಿದ್ದನ್ನ ನನಗ ಹೇಳ್ತಾಳ. ಬಲಕ ಕುಂತು ಕೇಳಿದ್ರ ಉತ್ತರ ಬರೂದಿಲ್ಲ, ಎಡಕ ಕುಂತು ಕೇಳಿದ್ರ ಬರ್ತೈತಿ.’

ಸಹೋದರಿಯರೆ, ಒಂದೇ ಕೋಣೆಯಲ್ಲಿ ಇಬ್ಬರು ತಾಯಂದಿರ ಮಕ್ಕಳಿದ್ದರು. ಓದು ಬಾರದ ತಾಯಿಯ ಮಗಳು ಕುಳಿತುಕೊಳ್ಳಬೇಕಾದಲ್ಲಿ ಕುಳಿತಿದ್ದಳು. ಓದಿದ ತಾಯಿಯ ಮಗಳು ಕುಳಿತುಕೊಳ್ಳಬಾರದಲ್ಲಿ ಕುಳಿತಿದ್ದಳು. ಮಗುವಿನ ವಿದ್ಯೆಗೆ ತಾಯಿಯಿಂದ ಮೊದಲು ಬೇಕಾದುದು ಪಾಂಡಿತ್ಯವಲ್ಲ, ಗಮನ ಎಂಬುದನ್ನು ನಾನು ಕಲಿತದ್ದು ಆ ಹೆಣ್ಣುಮಗಳಿಂದ. ಇನ್ನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರವೇ.

ಮೊದಲನೆಯದಾಗಿ, ಶಾಲೆ ತೆರೆಯುವುದಕ್ಕೆ ಮೊದಲು ಮಗುವಿನ ಕಣ್ಣು, ಕಿವಿ, ಹಲ್ಲುಗಳನ್ನು ತೋರಿಸಿರಿ. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುವುದು, ದೂರದ್ದನ್ನು ನೋಡುವಾಗ ಕಣ್ಣು ಕಿರಿದು ಮಾಡುವುದು, ತಲೆಯನ್ನು ಒಂದು ಬದಿಗೆ ವಾಲಿಸುವುದು, ಸಂಜೆ ತಲೆನೋವೆನ್ನುವುದು, ಕರೆದರೆ ಓಗೊಡದಿರುವುದು, ಹೇಳಿದ್ದನ್ನು ಮತ್ತೆ ಮತ್ತೆ ಕೇಳುವುದು, ಇವೆಲ್ಲ ಸೋಮಾರಿತನದ ಗುರುತುಗಳಲ್ಲ, ಪರೀಕ್ಷೆಗೆ ಕರೆ. ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಲು ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಶಾಲೆಗೇ ಬರುತ್ತವೆ. ಆ ದಿನ ಮಗುವನ್ನು ಹೊಲಕ್ಕೋ ಸಂತೆಗೋ ಕರೆದೊಯ್ಯಬೇಡಿರಿ. ದೂರದ ವಸ್ತು ಮಸುಕಾಗಿ ಕಾಣುವ ದೋಷವು ಇತ್ತೀಚಿನ ವರ್ಷಗಳಲ್ಲಿ ಮಕ್ಕಳಲ್ಲಿ ಹೆಚ್ಚುತ್ತಿದೆ. ದಿನಕ್ಕೆ ಎರಡು ಗಂಟೆಯಷ್ಟು ಹೊತ್ತು ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಇದು ಕಡಿಮೆಯೆಂದು ನೇತ್ರವೈದ್ಯರು ಕಂಡುಕೊಂಡಿದ್ದಾರೆ. ಆದುದರಿಂದ ಶಾಲೆಯಿಂದ ಬಂದೊಡನೆ ಮಗುವನ್ನು ಮತ್ತೆ ಪುಸ್ತಕದ ಮುಂದೆ ಕೂಡಿಸದೆ, ಬಯಲಿಗೆ ಬಿಡಿರಿ. ಆಟವು ಕಾಲಹರಣವೆಂಬ ಭಾವನೆಯನ್ನು ನಾವು ತೊರೆಯಬೇಕು.

ಎರಡನೆಯದು ನಿದ್ರೆ. ಬೇಸಗೆಯ ರಜೆಯಲ್ಲಿ ಅಜ್ಜನ ಊರು, ಜಾತ್ರೆ, ಮದುವೆಗಳೆಂದು ಮಕ್ಕಳ ಮಲಗುವ ಏಳುವ ಹೊತ್ತು ಕೆಟ್ಟಿರುತ್ತದೆ. ಶಾಲೆ ತೆರೆಯುವ ದಿನದ ಬೆಳಿಗ್ಗೆ ಒಮ್ಮೆಗೇ ಬಡಿದೆಬ್ಬಿಸಿದರೆ ಆ ಮಗು ದೇಹದಿಂದ ಶಾಲೆಯಲ್ಲಿದ್ದು ಮನಸ್ಸಿನಿಂದ ಹಾಸಿಗೆಯಲ್ಲಿರುತ್ತದೆ. ಒಂದೆರಡು ವಾರ ಮೊದಲಿನಿಂದಲೇ ದಿನಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಮಲಗಿಸುತ್ತ, ಮುಂಚೆ ಏಳಿಸುತ್ತ ಬಂದರೆ ಈ ಕಷ್ಟವಿಲ್ಲ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ, ಹದಿಮೂರರ ಮೇಲಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂಬುದು ಮಕ್ಕಳ ವೈದ್ಯರ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳಿಗೆ ಅಷ್ಟು ನಿದ್ರೆ ದೊರೆಯುತ್ತಿದೆ? ಇದಕ್ಕೆ ದೊಡ್ಡ ಅಡ್ಡಿ ಮೊಬೈಲು. ೨೦೨೦ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ, ಪಾಠಕ್ಕೆಂದು ನಾವೇ ಆ ಉಪಕರಣವನ್ನು ಮಕ್ಕಳ ಕೈಗೆ ಕೊಟ್ಟೆವು. ಶಾಲೆಗಳು ತೆರೆದವು, ಅದು ಕೈಬಿಡಲಿಲ್ಲ. ಮಕ್ಕಳನ್ನು ಗದರುವ ಮೊದಲು ನಮ್ಮ ಕೈಯನ್ನು ನೋಡಿಕೊಳ್ಳೋಣ. ರಾತ್ರಿಯ ಊಟದ ಹೊತ್ತಿಗೆ ಮನೆಮಂದಿಯ ಮೊಬೈಲುಗಳೆಲ್ಲ ಒಂದೇ ಗೂಡಿನಲ್ಲಿ ಸೇರುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ಹಾಕಿಕೊಂಡಿದ್ದೇವೆ. ಮೊದಲು ತಪ್ಪಿದವಳು ನಾನೇ, ದಂಡವಾಗಿ ಪಾತ್ರೆ ತೊಳೆದವಳೂ ನಾನೇ. ಅಜ್ಜಿಗೂ ದಂಡ ಬಿದ್ದುದನ್ನು ಕಂಡ ಮೇಲೆ ಮೊಮ್ಮಕ್ಕಳು ತಕರಾರು ಮಾಡಲಿಲ್ಲ.

ಮೂರನೆಯದು ಪಾಟಿಚೀಲದ ಭಾರ. ನಾನು ಕಲಿಯುವಾಗ ಚೀಲದಲ್ಲಿ ಒಂದು ಪಾಟಿ, ಒಂದು ಅಂಕಲಿಪಿ, ಬಳಪದ ಚೂರು ಇರುತ್ತಿದ್ದವು. ಇಂದು ಮಗುವಿಗಿಂತ ಚೀಲವೇ ಮುಂದಾಗಿ ಬಾಗಿಲು ದಾಟುತ್ತದೆ. ೨೦೧೯ರಲ್ಲಿ ಕರ್ನಾಟಕ ಸರಕಾರವು ಒಂದು ಸುತ್ತೋಲೆ ಹೊರಡಿಸಿ, ಒಂದು ಮತ್ತು ಎರಡನೆಯ ತರಗತಿಗೆ ಒಂದೂವರೆಯಿಂದ ೨ ಕಿಲೋ, ಮೂರರಿಂದ ಐದಕ್ಕೆ ೨ರಿಂದ ೩ ಕಿಲೋ, ಆರರಿಂದ ಎಂಟಕ್ಕೆ ೩ರಿಂದ ೪ ಕಿಲೋ, ಒಂಬತ್ತು ಮತ್ತು ಹತ್ತಕ್ಕೆ ೪ರಿಂದ ೫ ಕಿಲೋ ಎಂದು ಚೀಲದ ಭಾರವನ್ನು ಗೊತ್ತುಪಡಿಸಿತು. ಮಗುವಿನ ತೂಕದ ಹತ್ತನೆಯ ಒಂದು ಪಾಲಿಗಿಂತ ಚೀಲ ಹೆಚ್ಚು ತೂಗಬಾರದೆಂಬುದು ಇದರ ಹಿಂದಿನ ಸರಳ ಲೆಕ್ಕ. ಇಪ್ಪತ್ತು ಕಿಲೋ ತೂಗುವ ಮಗುವಿಗೆ ಎರಡು ಕಿಲೋ ಸಾಕು. ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಮನೆಪಾಠ ಕೊಡಬಾರದೆಂದೂ ಅದರಲ್ಲಿ ಹೇಳಲಾಗಿತ್ತು. ಸುತ್ತೋಲೆ ಇದ್ದಲ್ಲಿ ಇರಲಿ. ತಾಯಿ ರಾತ್ರಿ ಒಮ್ಮೆ ಆ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ನೋಡಲಿ. ಮರುದಿನದ ವೇಳಾಪಟ್ಟಿಯಲ್ಲಿ ಇಲ್ಲದ ಪುಸ್ತಕವನ್ನು ಮಗುವಿನಿಂದಲೇ ತೆಗೆಸಲಿ. ಚೀಲದ ಎರಡೂ ಪಟ್ಟಿಗಳನ್ನು ಎರಡು ಹೆಗಲಿಗೂ ಹಾಕಿಕೊಳ್ಳುವ ರೂಢಿ ಮಾಡಿಸಲಿ. ಒಂದೇ ಹೆಗಲಿಗೆ ಜೋತುಬಿಟ್ಟರೆ ಎಳೆಯ ಬೆನ್ನು ಒಂದು ಕಡೆಗೆ ವಾಲುತ್ತದೆ.

ನಾಲ್ಕನೆಯದು ಅನ್ನ. ಬರಿಯ ಹೊಟ್ಟೆಯಲ್ಲಿ ಬಂದ ಮಗು ಎರಡನೆಯ ಗಂಟೆಗೇ ಕಿಟಕಿಯತ್ತ ನೋಡತೊಡಗುತ್ತದೆ. ಇದನ್ನು ನಾನು ಮೂವತ್ತೇಳು ವರ್ಷ ಕಂಡಿದ್ದೇನೆ. ೨೦೦೨ರಲ್ಲಿ ನಮ್ಮ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಅನಂತರ ಎಲ್ಲೆಡೆ ಹಬ್ಬಿದ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟುದು ಎಷ್ಟು ಉಚಿತ! ಅಕ್ಷರವೂ ಅನ್ನವೂ ಜೊತೆಗೂಡಿರಬೇಕೆಂಬುದು ನಮ್ಮ ಮಠಗಳು ಬಹುಕಾಲದಿಂದ ನಡೆಸಿಕೊಂಡು ಬಂದ ಮಾತು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದೆಡೆಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಡವರ ಮಕ್ಕಳಿಂದ ಈ ನಾಡಿನ ಎಷ್ಟೋ ಕಚೇರಿ, ಶಾಲೆ, ಆಸ್ಪತ್ರೆಗಳು ನಡೆದಿವೆ. ಬಿಸಿಯೂಟ ಬಂದ ಮೇಲೆ ನನ್ನ ಶಾಲೆಯಲ್ಲಿ ಮಧ್ಯಾಹ್ನದ ಹಾಜರಿಯು ಬೆಳಗಿನ ಹಾಜರಿಗೆ ಸಮನಾಯಿತು. ಮೊದಲು ಊಟಕ್ಕೆಂದು ಮನೆಗೆ ಹೋದವರಲ್ಲಿ ಕೆಲವರು ಮರಳುತ್ತಲೇ ಇರಲಿಲ್ಲ. ೨೦೧೩ರಲ್ಲಿ ಹಾಲು ಕೊಡುವ ಯೋಜನೆಯೂ ಬಂದಿತು. ಆದರೆ ಶಾಲೆಯಲ್ಲಿ ಊಟವಿದೆಯೆಂದು ಬೆಳಗಿನ ಉಪಾಹಾರವನ್ನು ತಪ್ಪಿಸಬಾರದು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಬಟ್ಟಲು ಮೊಸರು ಇದ್ದರೆ ಅದಕ್ಕಿಂತ ಮಿಗಿಲಾದ ಆಹಾರವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಬಣ್ಣದ ಪೊಟ್ಟಣಗಳಲ್ಲಿ ಬರುವ ಕುರುಕಲನ್ನು ಡಬ್ಬಿಗೆ ಹಾಕಿ ಕಳಿಸುವುದು ಪ್ರೀತಿಯಲ್ಲ, ಬೆಳಗಿನ ಗಡಿಬಿಡಿಗೆ ನಾವು ಹುಡುಕಿಕೊಂಡ ಉಪಾಯ. ಜಂತುಹುಳುವಿನ ಗುಳಿಗೆ, ಕಬ್ಬಿಣಾಂಶದ ಗುಳಿಗೆಗಳನ್ನು ಶಾಲೆಯಲ್ಲಿ ಕೊಟ್ಟಾಗ ಬೇಡವೆನ್ನಬೇಡಿರಿ. ಬಿಳುಚಿದ ಮಗುವಿಗೆ ಪಾಠ ಹತ್ತುವುದಿಲ್ಲ.

ಐದನೆಯದು, ಮೊದಲ ಸಲ ಶಾಲೆಗೆ ಹೋಗುವ ಮಗುವಿನ ಮಾತು. ನಾನು ಸೇವೆಗೆ ಸೇರಿದ ಕಾಲದಲ್ಲಿ ಮಕ್ಕಳ ಜನ್ಮದಿನಾಂಕ ಬರೆದಿಟ್ಟ ಮನೆಗಳು ಅಪರೂಪ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆವು. ಮುಟ್ಟಿದರೆ ಆರು ವರ್ಷವೆಂದು ತಿಳಿದು, ದಾಖಲೆಯಲ್ಲಿ ‘ಜೂನ್ ಒಂದು’ ಎಂದು ಬರೆಯುತ್ತಿದ್ದೆವು. ಆದುದರಿಂದಲೇ ನಮ್ಮ ತಲೆಮಾರಿನಲ್ಲಿ ಊರಿಗೆ ಊರೇ ಜೂನ್ ಒಂದರಂದು ಹುಟ್ಟಿದೆ! ನಗೆಯ ಮಾತಾದರೂ ಅದರಲ್ಲಿ ವಿವೇಕವಿತ್ತು. ಕೈ ಕಿವಿಗೆ ಎಟುಕದ ಮಗುವನ್ನು ಇನ್ನೊಂದು ವರ್ಷ ಆಡಲೆಂದು ಮರಳಿ ಕಳಿಸುತ್ತಿದ್ದೆವು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕೆಂದು ೨೦೨೨ರಲ್ಲಿ ಸರಕಾರವು ಆದೇಶಿಸಿದಾಗ ಅನೇಕ ತಂದೆತಾಯಿಗಳು ಒಂದು ವರ್ಷ ಹಾನಿಯಾಯಿತೆಂದು ಕಳವಳಪಟ್ಟರು. ಹಣ್ಣಾಗುವ ಮುನ್ನ ಕಿತ್ತ ಕಾಯಿಗೆ ರುಚಿಯಿಲ್ಲ. ಒಂದು ವರ್ಷ ತಡವಾದುದರಿಂದ ಯಾವ ಮಗುವೂ ಬದುಕಿನಲ್ಲಿ ಹಿಂದುಳಿದುದನ್ನು ನಾನು ಕಾಣೆ. ಅವಸರದಿಂದ ನಲುಗಿದ ಮಕ್ಕಳನ್ನು ಕಂಡಿದ್ದೇನೆ.

ಮಗು ಮನೆಯಲ್ಲಿ ತುಂಟಾಟ ಮಾಡಿದಾಗ, ‘ತಡಿ, ಸಾಲಿಗೆ ಹಾಕ್ತೀನಿ, ಅಕ್ಕೋರು ಬಡೀತಾರ’ ಎಂದು ಹೆದರಿಸುವ ತಾಯಂದಿರಿದ್ದಾರೆ. ಹೀಗೆ ಹೇಳಿ ಬೆಳೆಸಿದ ಮಗು ಮೊದಲ ದಿನ ನಮ್ಮನ್ನು ಕಂಡೊಡನೆ ಚೀರಿಕೊಳ್ಳದೆ ಇನ್ನೇನು ಮಾಡೀತು? ಶಾಲೆಯನ್ನು ಸೆರೆಮನೆಯಂತೆ ತೋರಿಸಿ, ಅನಂತರ ಮಗು ಅಲ್ಲಿಗೆ ನಗುತ್ತ ಹೋಗಲೆಂದು ಬಯಸುವುದು ಸಲ್ಲದು. ಮೊದಲ ದಿನ ಅಳುವ ಮಗುವಿಗೆ ಹೇಳದೆ ಕೇಳದೆ ಕಳ್ಳಹೆಜ್ಜೆಯಲ್ಲಿ ಹೊರಟುಹೋಗಬೇಡಿರಿ. ‘ಮಧ್ಯಾಹ್ನ ಗಂಟೆ ಬಾರಿಸಿದಾಗ ಬರುತ್ತೇನೆ’ ಎಂದು ಹೇಳಿ, ಆ ಗಂಟೆಗೆ ಸರಿಯಾಗಿ ಬಾಗಿಲಲ್ಲಿ ನಿಲ್ಲಿರಿ. ಒಂದು ವಾರ ಹೀಗೆ ಮಾತು ಉಳಿಸಿಕೊಂಡರೆ ಅಳು ತಾನಾಗಿ ನಿಲ್ಲುತ್ತದೆ. ಅಳುವನ್ನು ನಿಲ್ಲಿಸುವುದು ತಿಂಡಿಯಲ್ಲ, ನಂಬಿಗೆ.

ಆರನೆಯ ಮಾತು ಹೆಣ್ಣುಮಕ್ಕಳನ್ನು ಕುರಿತದ್ದು. ಶಾಲೆ ತೆರೆಯುವ ಹೊತ್ತಿಗೇ ಹೆಸರಿನ ಬಿತ್ತನೆ, ಅದರ ಬೆನ್ನಿಗೇ ಕಳೆ. ತಾಯಿ ಹೊಲಕ್ಕೆ ಹೋಗಬೇಕು, ತೊಟ್ಟಿಲಲ್ಲಿ ಕೂಸು. ‘ಎಂಟು ದಿನ ಬಿಟ್ಟು ಕಳಿಸಿದರಾಯಿತು’ ಎಂದು ಹಿರಿಯ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಆ ಎಂಟು ದಿನ ಎಷ್ಟು ಹುಡುಗಿಯರ ಪಾಲಿಗೆ ಎಂಟು ವರ್ಷವಾಗಿ, ಆಯುಷ್ಯವೇ ಆಗಿ ಹೋದುದನ್ನು ನನ್ನ ಹಾಜರಿ ಪುಸ್ತಕಗಳು ಬಲ್ಲವು. ಮೊದಲ ಹದಿನೈದು ದಿನ ಬಾರದ ಮಗುವಿಗೆ ಗೆಳತಿಯರ ಜೊತೆ ತಪ್ಪುತ್ತದೆ, ಕೂಡುವ ಜಾಗ ತಪ್ಪುತ್ತದೆ, ಪಾಠದ ಎಳೆ ತಪ್ಪುತ್ತದೆ. ಆಮೇಲೆ ನಾಚಿಕೆಯೇ ಅದನ್ನು ಹೊಸ್ತಿಲಲ್ಲಿ ತಡೆಯುತ್ತದೆ. ಕೂಸನ್ನು ಅಂಗನವಾಡಿಗೆ ಬಿಡಬಹುದು. ಅಜ್ಜಿಯ ಬಳಿ ಬಿಡಬಹುದು. ನಾಲ್ಕು ಮನೆಯವರು ಸರದಿಯಿಂದ ನೋಡಿಕೊಳ್ಳಬಹುದು. ಮಗಳ ಓದನ್ನು ಮಾತ್ರ ಅಡವಿಡಬಾರದು. ಇನ್ನು ಹತ್ತು ಹನ್ನೊಂದರ ವಯಸ್ಸಿಗೆ ಬಂದ ಮಗಳಿಗೆ, ಮುಂದೆ ಅವಳ ದೇಹದಲ್ಲಿ ಆಗಲಿರುವ ಬದಲಾವಣೆಯನ್ನು ತಾಯಿಯೇ ಮೊದಲಾಗಿ, ಮೆಲ್ಲಗೆ, ಹೆದರಿಕೆಯಾಗದಂತೆ ತಿಳಿಸಿಕೊಡಬೇಕು. ಏನೆಂದು ತಿಳಿಯದೆ ತರಗತಿಯಲ್ಲಿ ಬೆಂಚನ್ನು ಬಿಟ್ಟೇಳಲಾಗದೆ ನಡುಗುತ್ತ ಕುಳಿತ ಹುಡುಗಿಯರನ್ನು ನಾನು ಕೈಹಿಡಿದು ಕರೆದೊಯ್ದಿದ್ದೇನೆ. ಅವರಲ್ಲಿ ಕೆಲವರು ಆ ದಿನದ ಅನಂತರ ಶಾಲೆಯತ್ತ ಸುಳಿಯಲೇ ಇಲ್ಲ. ತಾಯಿಯ ಒಂದು ಸಂಜೆಯ ಮಾತು ಅವರ ವಿದ್ಯೆಯನ್ನು ಉಳಿಸಬಹುದಾಗಿತ್ತು.

ಕೊನೆಯದಾಗಿ, ಗುರುಗಳೊಡನೆ ಮಾತಾಡಿರಿ. ನಿಮಗೆ ಮಾತ್ರ ತಿಳಿದಿರುವ ಸಂಗತಿಗಳು ಅನೇಕವಿವೆ: ಕಿವಿ ಮಂದ, ಕತ್ತಲೆಗೆ ಅಂಜುತ್ತದೆ, ಎಡಗೈಯಲ್ಲಿ ಬರೆಯುತ್ತದೆ, ಕಳೆದ ತಿಂಗಳು ಅಜ್ಜ ತೀರಿಕೊಂಡ ಮೇಲೆ ಮಂಕಾಗಿದೆ. ಇವನ್ನು ಮೊದಲ ವಾರದಲ್ಲಿಯೇ ಹೇಳಿರಿ. ನಾವು ಓದಿದವರಲ್ಲ, ಅಕ್ಕೋರ ಮುಂದೆ ಏನು ಮಾತಾಡುವುದು ಎಂಬ ಸಂಕೋಚ ಬೇಡ. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು, ಶಾಲೆಯ ಆಡಳಿತ ನೋಡುವ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿದೆ. ಆ ಅರ್ಧ ಕುರ್ಚಿಗಳು ನಿಮ್ಮವು. ಅದೇ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ. ನಾನು ಸೇವೆಗೆ ಸೇರುವ ಹೊತ್ತಿಗೆ ಅಂಥ ಕಾಯಿದೆ ಇದ್ದಿದ್ದರೆ ನನ್ನ ಕೈಯಿಂದ ಒಂದು ಪಾಪ ತಪ್ಪುತ್ತಿತ್ತು.

ಸಂಜೆ ಮಗು ಮನೆಗೆ ಬಂದಾಗ, ‘ಎಷ್ಟು ಅಂಕ ಬಂತು? ಪಕ್ಕದ ಮನೆಯವನಿಗೆ ಎಷ್ಟು?’ ಎಂದು ಬಾಗಿಲಲ್ಲೇ ತಡೆಯಬೇಡಿರಿ. ‘ಇಂದು ಏನು ಹೊಸದು ಕಂಡೆ? ಯಾರ ಜೊತೆ ಆಡಿದೆ? ಯಾವುದು ತಿಳಿಯಲಿಲ್ಲ?’ ಎಂದು ಕೇಳಿರಿ. ಕೇಳಿ ಸುಮ್ಮನೆ ಆಲಿಸಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಇದಕ್ಕೆ ವಿದ್ಯೆ ಬೇಡ, ಹಣ ಬೇಡ. ಜೋಳ ಹಸನು ಮಾಡುತ್ತಲೇ ಆಲಿಸಬಹುದೆಂಬುದನ್ನು ಆ ತಾಯಿ ತೋರಿಸಿಕೊಟ್ಟಿದ್ದಾಳೆ.

ಅವಳ ಮಗಳು ಇಂದು ಸರಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಊರಿಗೆ ಬಂದಾಗ ನಮ್ಮ ಮನೆಗೂ ಬಂದು ನನ್ನ ರಕ್ತದೊತ್ತಡ ನೋಡಿ ಹೋಗುತ್ತಾಳೆ. ಈಗಲೂ ನನ್ನ ಬಲಕ್ಕೆ ಕೂಡುತ್ತಾಳೆ, ಎಡಗಿವಿ ನನ್ನ ಕಡೆಗಾಗುವಂತೆ.

ನನ್ನ ಮಗಳು ಬೆಳಗಾವಿಯಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳ ಮಗಳು ಈ ಸಲ ಎಂಟನೆಯ ತರಗತಿಗೆ ಕಾಲಿಡುತ್ತಾಳೆ. ಕಳೆದ ವರ್ಷ ಅವರ ಮನೆಯಲ್ಲಿದ್ದಾಗ, ಬಹುಕಾಲದಿಂದ ಎದೆಯಲ್ಲಿದ್ದುದನ್ನು ಕೇಳಿಯೇಬಿಟ್ಟೆ: ‘ಅಂದು ಎಲ್ಲರ ಮುಂದ ಹೊಡೆದಿದ್ನೆಲ್ಲ, ನೆನಪೈತೇನು?’ ಅವಳು ಮಗಳ ಚಾಳೀಸನ್ನು ಸೆರಗಿನಿಂದ ಒರಸುತ್ತಿದ್ದಳು. ತಲೆಯೆತ್ತದೆ, ‘ಏಟು ನೆನಪಿಲ್ಲವ್ವ. ಯಾಕ ತಪ್ಪಾಗತೈತಿ ಅಂತ ನೀ ಒಮ್ಮೆಯೂ ಕೇಳ್ಲಿಲ್ಲ, ಅದು ನೆನಪೈತಿ’ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಚಾಳೀಸನ್ನು ಬೆಳಕಿಗೆ ಹಿಡಿದು ನೋಡಿ ಮಗಳಿಗೆ ಕೊಟ್ಟಳು. ನಾನು ಎದ್ದು ಒಳಗೆ ಹೋದೆ.

ತಾಯಂದಿರೆ, ಮೂವತ್ತೇಳು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುವುದೇ ನನ್ನ ಕಾಯಕವಾಗಿತ್ತು. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ನನ್ನ ಮಗುವಿಗೆ ಕೇಳದೆ ಹೋದೆ. ಇನ್ನು ಕೆಲವೇ ದಿನಗಳಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ಅದಕ್ಕೆ ಮೊದಲು ಒಂದು ಸಂಜೆ ಕೆಲಸ ಬದಿಗಿಟ್ಟು ನಿಮ್ಮ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕುಳಿತು ಮಾತಾಡಿಸಿರಿ. ದೂರದ ಗೋಡೆಯ ಮೇಲಿನ ಪಂಚಾಂಗವನ್ನು ಓದಿಸಿರಿ. ಯಾವುದು ಕಷ್ಟವೆಂದು ಕೇಳಿರಿ. ಹೊಸ ಚೀಲವನ್ನು ನಾಳೆ ತಂದರೂ ನಡೆಯುತ್ತದೆ.

ಎಲ್ಲ ಮಕ್ಕಳಿಗೂ ಶುಭವಾಗಲಿ. ಶರಣು ಶರಣಾರ್ಥಿ.